ಮೊದಲ ಊರು ಬಿಟ್ಟವಳು

ಇಸ್ತ್ರಿ ಪೆಟ್ಟಿಗೆ ನೀಲಿ ಅಂಗಿಯ ಕಾಲರಿನ ಮೇಲೆ ನಿಧಾನವಾಗಿ ಸರಿಯಿತು. ಅವಳು ತಲೆ ಎತ್ತಲಿಲ್ಲ. ಕೌಂಟರಿನ ಆಚೆ ಅವನು ಕಾಯುತ್ತ ನಿಂತಿದ್ದ. ಅಂಗಿಯನ್ನು ಮಗುಚಿದಳು, ತೋಳು ಮಡಚಿದಳು. ಹಬೆ ಇಬ್ಬರ ನಡುವೆ ತೆಳ್ಳಗೆ ಎದ್ದು ಕರಗಿತು.

ಅಂಗಿಯನ್ನು ಮುಂದೆ ತಳ್ಳಿದಾಗ ಅವನು ಜೇಬಿನ ಮೇಲಿನ ಗುಂಡಿಯನ್ನು ಬೆರಳಿನಿಂದ ಮುಟ್ಟಿ ನೋಡಿದ.

“ಇದನ್ನ ಹಾಕಿದ್ದು ಯಾರು?”

ಅವಳು ಇಸ್ತ್ರಿ ಪೆಟ್ಟಿಗೆಯನ್ನು ಬದಿಗಿಟ್ಟಳು. ಕೇಳದೆ ಹೊಲಿದದ್ದು ತಪ್ಪಾಯಿತೇ? ಇವನು ಈಗ ಎಲ್ಲರೆದುರು ಕೂಗಾಡುತ್ತಾನೆಯೇ?

“ನಾ... ನಾನೇ.”

“ಹೇಳದೆ ಕೇಳದೆ?”

ಒಳಗೆ ಬಟ್ಟೆ ವಿಂಗಡಿಸುತ್ತಿದ್ದ ಅವಳ ಚಿಕ್ಕಮ್ಮ ಕೂಗಿದಳು. “ಯಾರ್ರೀ ಅದು, ನಮ್ಮ ಮೌನಗೌರಿನ ಗದರಿಸ್ತಿರೋದು?”

“ಗದರಿಸ್ತಿಲ್ಲಮ್ಮಾ! ಥ್ಯಾಂಕ್ಸ್ ಹೇಳ್ತಾ ಇದೀನಿ. ನನ್ನ ಮುಖವೇ ಹೀಗೆ.”

ಅವಳಿಗೆ ನಗು ಬಂತು. ತಲೆ ತಗ್ಗಿಸಿ ಮುಚ್ಚಿಟ್ಟುಕೊಂಡಳು. ಆದರೆ ಅವನು ನೋಡಿಬಿಟ್ಟಿದ್ದ...

ಮುಂದಿನ ವಾರ ಅದೇ ಅಂಗಿ ಬಂತು. ಅದೇ ಗುಂಡಿ ಇರಲಿಲ್ಲ. ಅದರ ಮುಂದಿನ ವಾರವೂ ಇರಲಿಲ್ಲ.

“ಏನ್ರೀ ಲಿಫ್ಟು,” ಚಿಕ್ಕಮ್ಮ ಸೊಂಟದ ಮೇಲೆ ಕೈಯಿಟ್ಟು ಕೇಳಿದಳು, “ಊರೋರ ಗುಂಡಿಯೆಲ್ಲಾ ಗಟ್ಟಿಯಾಗಿದೆ, ನಿಮ್ಮದು ಮಾತ್ರ ಹಣ್ಣಾಗಿ ಉದುರತ್ತಲ್ಲ!”

ಅವನು ದೊಡ್ಡ ಕಟ್ಟಡಗಳ ಲಿಫ್ಟು ರಿಪೇರಿ ಮಾಡುವವನು. ಅಪ್ಪ ಅಮ್ಮ ಇಲ್ಲ. ಸಾಕಿದವಳು ದೊಡ್ಡಕ್ಕ, ಮುದ್ದು ಮಾಡಿದವಳು ಚಿಕ್ಕಕ್ಕ. ಇಬ್ಬರೂ ಮದುವೆಯಾಗಿ ದೇಶದ ಎರಡು ತುದಿ ಸೇರಿದ್ದರು. ರಸ್ತೆಯಲ್ಲಿ ಹೊರಟರೆ ಹೋಗಿ ಬರುವುದರಲ್ಲೇ ರಜೆಯೆಲ್ಲ ಮುಗಿಯುವಷ್ಟು ದೊಡ್ಡ ದೇಶ.

“ದೊಡ್ಡಕ್ಕ ಹೂಂ ಅನ್ನದೆ ನಾನು ಮದುವೆಯಾಗಲ್ಲ,” ಒಂದು ದಿನ ಅವಳಿಗೆ ನೇರವಾಗಿ ಹೇಳಿದ. “ತಾನು ಉಪವಾಸ ಇದ್ದು ನನಗೆ ಉಣ್ಣಿಸಿದವಳು. ಅವಳು ಹೂಂ ಅಂತಾಳೆ. ನಿನ್ನ ನೋಡಿದ್ರೆ ಸಾಕು.”

ಹಾಗೆ ಶುರುವಾಯಿತು ಅವರ ಪ್ರಯಾಣದ ತಯಾರಿ. ಇಬ್ಬರೂ ಅಲ್ಲಿಯವರೆಗೆ ವಿಮಾನವನ್ನು ನೋಡಿದ್ದು ಕತ್ತು ಮೇಲೆತ್ತಿ ಮಾತ್ರ!

ಅಂಗಡಿ ಮುಚ್ಚಿದ ಮೇಲೆ ಇಸ್ತ್ರಿ ಮೇಜಿನ ಮೇಲೆ ದೇಶದ ನಕ್ಷೆ ಹರಡುತ್ತಿದ್ದರು. ಮೇಜಿನ್ನೂ ಬಿಸಿಯಿರುತ್ತಿತ್ತು.

“ದಿನಾ ಮೇಲೆ ಕೆಳಗೆ ಓಡಾಡೋನು ನಾನು. ವಿಮಾನ ನನಗ್ಯಾವ ಲೆಕ್ಕ?”

“ಲಿಫ್ಟಿಗೆ ಹಗ್ಗ ಇರತ್ತೆ,” ಎಂದಳು ಮೆಲ್ಲಗೆ. “ಅದಕ್ಕೆ?”

ಚಿಕ್ಕಮ್ಮ ಬಿದ್ದು ಬಿದ್ದು ನಕ್ಕಳು.

ಮೊದಲು ದೊಡ್ಡಕ್ಕನ ಊರು. ಮಾರನೆಯ ದಿನ ನಡುವಿನ ಊರು... ಅಲ್ಲಿ ಯಾರೂ ನೆಂಟರಿಲ್ಲ, ಸಂಜೆಯವರೆಗೆ ಇವರಿಬ್ಬರೇ. ಅಲ್ಲಿಂದ ಚಿಕ್ಕಕ್ಕನ ಊರು, ಆಮೇಲೆ ಮನೆ. ಬೇರೆ ಬೇರೆ ಟಿಕೆಟ್ಟಿಗಿಂತ ಎಲ್ಲ ಊರೂ ಸೇರಿಸಿ ಒಂದೇ ಟಿಕೆಟ್ಟು ಅಗ್ಗವೆಂದು ಅವನು ಕಂಡುಹಿಡಿದಿದ್ದ. ದೊಡ್ಡ ಗುಟ್ಟು ಕಂಡವನ ಹಾಗೆ ಬೀಗುತ್ತಿದ್ದ.

“ಚಿಕ್ಕಕ್ಕನ ಮನೆಗೆ ಮೊದಲು ಹೋಗಬಾರದಾ?”

“ಊಹೂಂ. ದೊಡ್ಡಕ್ಕನ ಬಾಗಿಲೇ ಮೊದಲು.”

ಅದೇ ಹೊತ್ತಿಗೆ ಅವನ ಫೋನು ಬಡಿದುಕೊಂಡಿತು. ಕೈಯೆಲ್ಲ ಗ್ರೀಸು, ಸ್ಪೀಕರಿಗೆ ಹಾಕಿದ. ದೊಡ್ಡಕ್ಕನ ದನಿ ಅಂಗಡಿ ತುಂಬಿತು.

“ಬರೀ ತಲೆ ಆಡಿಸೋ ಹುಡುಗಿನ ಕಟ್ಕೊಂಡು ಏನೋ ಮಾಡ್ತೀಯ? ಕರ್ಕೊಂಡು ಬಾ. ಅದೆಷ್ಟು ಹೊತ್ತು ಬಾಯಿ ಮುಚ್ಕೊಂಡಿರ್ತಾಳೋ ನಾನೂ ನೋಡ್ತೀನಿ!”

ಅವನು ನಕ್ಕ. “ಅಕ್ಕ ಮಾತಾಡೋದೇ ಹಾಗೆ. ಮನಸ್ಸು ಬೆಣ್ಣೆ.”

ಅವಳೂ ನಕ್ಕಂತೆ ಮಾಡಿದಳು. ಆದರೆ ಶಾಲೆಯಲ್ಲಿ ಎಬ್ಬಿಸಿ ನಿಲ್ಲಿಸಿದಾಗಲೆಲ್ಲ ಬಾಯಿ ಕಟ್ಟಿಹೋಗುತ್ತಿದ್ದದ್ದು ನೆನಪಾಯಿತು. ಅದಕ್ಕೆ ಹೆದರಿಯೇ ಅವಳು ಶಾಲೆ ಬಿಟ್ಟದ್ದು.

ಹೊರಡುವ ದಿನ ಬಂತು. ಅವನು ವಿಮಾನ ನಿಲ್ದಾಣದ ಬಾಗಿಲಲ್ಲಿ ಕಾಯುತ್ತಿದ್ದ. ಅವಳು ಹೊಸ ಬಟ್ಟೆ ಉಟ್ಟು, ಚೀಲ ಹಿಡಿದು, ಮನೆಯ ಹೊಸ್ತಿಲಲ್ಲೇ ಕುಳಿತುಬಿಟ್ಟಿದ್ದಳು.

ದೊಡ್ಡಕ್ಕ ಎದುರು ಕೂರಿಸಿ ಕೇಳುತ್ತಾಳೆ. ನನ್ನ ಬಾಯಿಂದ ಒಂದಕ್ಷರ ಹೊರಡಲ್ಲ. ಅಲ್ಲೇ ಬೇಡ ಅಂದುಬಿಟ್ಟರೆ?

ಫೋನು ಮಾಡಿದಳು. “ಮೈ ಸರಿಯಿಲ್ಲ... ನೀವು ಹೋಗಿ. ನಾನು ಬಸ್ಸಲ್ಲಿ ಬಂದು ನಾಳೆ ನಡುವಿನ ಊರಲ್ಲಿ ಸಿಗ್ತೀನಿ, ಅಲ್ಲಿಗೆ ಒಂದು ರಾತ್ರಿಯ ದಾರಿ ತಾನೇ. ಅಲ್ಲಿಂದ ಮುಂದಕ್ಕೆ ಟಿಕೆಟ್ ಹೇಗೂ ಇದೆಯಲ್ಲ.”

“ಅಕ್ಕನಿಗೆ ಏನು ಹೇಳ್ಲಿ?”

ಅವಳು ಚೀಲದ ಹಿಡಿಯನ್ನು ಬೆರಳಿಗೆ ಸುತ್ತಿಕೊಂಡಳು.

“ಸರಿ. ನಾಳೆ ಬರ್ತೀಯ ತಾನೇ?”

“ಬರ್ತೀನಿ. ಖಂಡಿತ!”

ಅವಳು ಸುಳ್ಳು ಹೇಳಲಿಲ್ಲ. ಬಸ್ಸು ಹತ್ತಿದಳು. ಕಿಟಕಿಗೆ ತಲೆಯಾನಿಸಿ ನಡುವಿನ ಊರಿನ ಕನಸು ಕಂಡಳು... ಎಂಥ ಹುಚ್ಚು ಹುಡುಗಿ!

ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. ಫೋನಿಗೆ ಸಿಗ್ನಲ್ ಇಲ್ಲ. ಅವಳು ನಡುವಿನ ಊರಿನ ವಿಮಾನ ನಿಲ್ದಾಣದ ಕೌಂಟರಿಗೆ ಓಡಿ ಬಂದಾಗ ಮಾರನೆಯ ಸಂಜೆಯಾಗಿತ್ತು.

ಕೌಂಟರಿನ ಹೆಂಗಸು ಪರದೆ ನೋಡಿದಳು, ಮತ್ತೆ ನೋಡಿದಳು. “ನಿಮ್ಮ ಟಿಕೆಟ್ ನಿನ್ನೆಯೇ ರದ್ದಾಗಿದೆ.”

“ನಾನು... ನಾನು ರದ್ದು ಮಾಡಿಸಿಲ್ಲ.”

“ನಿನ್ನೆ ಮೊದಲ ವಿಮಾನ ಹತ್ತಿಲ್ಲವಲ್ಲ? ಎಲ್ಲಾ ಸೇರಿ ಒಂದೇ ಟಿಕೆಟ್ ಇದು. ಮೊದಲನೇದು ಬಿಟ್ರೆ ಮುಂದಿನದೆಲ್ಲಾ ತಾನಾಗೇ ಹೋಗತ್ತೆ. ಮೊದಲೇ ತಿಳಿಸ್ಬೇಕಿತ್ತು.” ಹೆಂಗಸಿನ ದನಿ ಸ್ವಲ್ಪ ಮೆತ್ತಗಾಯಿತು. “ನಿಮ್ಮ ಜೊತೆಯವರೂ ಬಂದು ಕೇಳಿದ್ರು. ನಿನ್ನೆಯೇ ರದ್ದಾಗಿದೆ ಅಂತಷ್ಟೇ ಹೇಳ್ದೆ. ಯಾಕೆ ಅಂತಾನೂ ಕೇಳದೆ ಒಳಗೆ ಹೋದ್ರು.”

ಅವಳು ಚೀಲದಿಂದ ಫೋನು ಹುಡುಕಿ ತೆಗೆದಳು.

ನಿನ್ನೆಯೇ ರದ್ದು! ಅಂದರೆ ಬರ್ತೀನಿ ಅಂದದ್ದು ಸುಳ್ಳು ಎಂದುಕೊಂಡಿದ್ದಾರೆ. ನಾನೇ ಕೈಬಿಟ್ಟೆ ಎಂದುಕೊಂಡಿದ್ದಾರೆ!

ಫೋನು ಮಾಡಿದಳು. ಎತ್ತಲಿಲ್ಲ. ಮತ್ತೆ ಮಾಡಿದಳು. ಮತ್ತೆ... ಕೊನೆಗೊಮ್ಮೆ ಎತ್ತಿದ.

“ಹತ್ತೋ ಸಾಲಲ್ಲಿದೀನಿ. ಬೇಡ ಅನ್ನೋದಿದ್ರೆ ಮುಖಕ್ಕೆ ಹೇಳಬಹುದಿತ್ತು.”

“ಇಲ್ಲ...”

“ನಿನ್ನೆಯೇ ರದ್ದು ಮಾಡಿಸಿ, ಖಂಡಿತ ಬರ್ತೀನಿ ಅಂದ್ಯಲ್ಲ. ಇಡ್ತೀನಿ.”

“ಇಡಬೇಡಿ!” ಅವಳು ಕೂಗಿದ್ದಕ್ಕೆ ಸುತ್ತಲಿನವರೆಲ್ಲ ತಿರುಗಿ ನೋಡಿದರು. ಜನ್ಮದಲ್ಲೇ ಅಷ್ಟು ಜೋರಾಗಿ ಅವಳು ಮಾತಾಡಿರಲಿಲ್ಲ. “ನಾನು ಇಲ್ಲೇ ಇದೀನಿ. ಕೌಂಟರಿನ ಹತ್ತಿರ. ಮೊದಲನೇದು ಹತ್ತದಿದ್ರೆ ಎಲ್ಲಾ ಹೋಗತ್ತೆ ಅಂತ ನನಗೆ ಗೊತ್ತಿರ್ಲಿಲ್ಲ. ನಿಮ್ಮಾಣೆ ಗೊತ್ತಿರ್ಲಿಲ್ಲ...”

ಫೋನು ಕಟ್ಟಾಯಿತು.

ಮುಗಿಯಿತು ಎಂದುಕೊಂಡಳು. ಜನರು ಗಾಲಿ ಪೆಟ್ಟಿಗೆ ಎಳೆದುಕೊಂಡು ಅವಳನ್ನು ಬಳಸಿ ಹೋಗುತ್ತಿದ್ದರು. ಅವನ ವಿಮಾನಕ್ಕೆ ಕೊನೆಯ ಕರೆ ಕೇಳಿಸಿತು. ಅವಳು ಕಂಬಕ್ಕೊರಗಿ ನೆಲದ ಮೇಲೆ ಕುಳಿತಳು.

“ಏಳು.”

ಅವನು! ಬೆವರಿದ್ದ, ಏದುಸಿರು ಬಿಡುತ್ತಿದ್ದ.

“ನೀವು ಹತ್ತಲಿಲ್ವಾ? ಹಾಗಾದ್ರೆ ನಿಮ್ಮ ಮುಂದಿನದೂ...”

“ಹೋಯ್ತು. ಗೊತ್ತು. ಹೊರಗೆ ಬಿಡಿ ಅಂದ್ರೆ ಹುಚ್ಚನ ಹಾಗೆ ನೋಡಿದ್ರು.” ಅವಳ ಪಕ್ಕದಲ್ಲೇ ನೆಲಕ್ಕೆ ಕುಳಿತ. “ಯಾಕೆ ಬರಲಿಲ್ಲ? ನಿಜ ಹೇಳು.”

“ಹೆದರಿದೆ. ಅಕ್ಕನ ಮುಂದೆ ಮಾತು ಬರದಿದ್ರೆ... ನಿಮ್ಮನ್ನ ಕಳ್ಕೊಂಡ್ರೆ ಅಂತ.” ಕಣ್ಣೀರು ಧಾರೆಯಾಯಿತು. “ನನಗೆ ನೀವು ಬೇಕು.”

ಅವಳು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಅವನು ಅವಳ ಕೈ ಹಿಡಿದ.

“ನನಗೂ ನೀನೇ ಬೇಕು. ಆದ್ರೆ...” ಅವನು ತಲೆ ತಗ್ಗಿಸಿದ. “ಅಕ್ಕ ನಿನ್ನೆ ತನ್ನೂರ ವಿಮಾನ ನಿಲ್ದಾಣಕ್ಕೇ ಬಂದು ನಿಂತಿದ್ಲು ಕಣೇ. ನಿನಗೆ ಅಂತ ತನ್ನ ರೂಮೇ ಬಿಟ್ಟುಕೊಟ್ಟಿದ್ಲು. ನಾನೊಬ್ಬನೇ ಬಂದಿದ್ದು ನೋಡಿ ದಾರಿಯಿಡೀ ಮಾತಾಡ್ಲಿಲ್ಲ. ಬೆಳಿಗ್ಗೆ ಹೊರಡೋವಾಗ ಒಂದೇ ಮಾತು ಅಂದ್ಲು. ಅವಳ ಸುದ್ದಿ ಇನ್ನು ನನ್ನ ಮುಂದೆ ಎತ್ತಬೇಡ ಅಂತ.”

“ನೀವು ಏನಂದ್ರಿ?”

“ಅವಳಿಗೆ ಎದುರಾಡಿ ನನಗೆ ಅಭ್ಯಾಸ ಇಲ್ಲ.”

ಅವನು ಅಳುತ್ತಿದ್ದ. ಅವಳು ಸೆರಗಿನಿಂದ ಅವನ ಮುಖ ಒರೆಸಿದಳು.

“ನನ್ನ ಬಿಟ್ಟುಬಿಡ್ತೀರಾ?”

“ಬಿಡೋದಿದ್ರೆ ವಿಮಾನ ಬಿಟ್ಟು ಬರ್ತಿದ್ನಾ?” ಎಂದ. “ಆದ್ರೆ ಅವಳನ್ನ ಬಿಡೋದು ಹೇಗೆ ಅಂತಲೂ ಗೊತ್ತಾಗ್ತಿಲ್ಲ.”

ಅವಳು ಅವನ ಹೆಗಲಿಗೆ ಒರಗಿ ಕುಳಿತಳು. ಆಮೇಲೆ ಕೈ ಚಾಚಿದಳು.

“ಫೋನು ಕೊಡಿ.”

“ಬೇಡ. ಬಯ್ತಾಳೆ.”

“ಬಯ್ಯಲಿ. ಕೊಡಿ.”

ಒಂದೇ ರಿಂಗಿಗೆ ಆ ಕಡೆ ಎತ್ತಿದರು. “ಹತ್ತಿದ್ಯೇನೋ?”

“ಅಕ್ಕಾ... ನಾನು.”

ಅವನು ಅವಳ ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದ.

“ಅವರದ್ದೇನೂ ತಪ್ಪಿಲ್ಲ ಅಕ್ಕಾ. ನಾನೇ ಹೆದರಿ ಬರಲಿಲ್ಲ. ನೀವು ನಿಂತು ಕಾದಿದ್ರಂತೆ... ಈಗ ಇಲ್ಲಿಂದ ನಿಮ್ಮೂರಿಗೆ ಬಸ್ಸಿದೆ. ನಿಮ್ಮನೆಗೆ ಬರ್ಲಾ?”

ದೊಡ್ಡಕ್ಕನ ಉಸಿರಾಟ ಕೇಳಿಸುತ್ತಿತ್ತು. ಫೋನು ಇಟ್ಟಿರಲಿಲ್ಲ.

“ಅಕ್ಕಾ, ಬರ್ಲಾ?”