ರನ್‌ವೇ ಅಡಿಯ ಹೊಲ

ಜೀಪು ನಿಂತಿತು. ನಿಂತಿದ್ದಕ್ಕೇ ನನಗೆ ಕೋಪ ಬಂತು.

ಎಪ್ಪತ್ತೊಂಬತ್ತನೇ ಇಸವಿ, ಸಂಕ್ರಾಂತಿ ಕಳೆದಿತ್ತು. ಯುದ್ಧದ ಕಾಲದಲ್ಲಿ ಬ್ರಿಟಿಷರು ಕಟ್ಟಿ ಬಿಟ್ಟುಹೋದ ಏರೋಡ್ರೋಮಿನ ರನ್‌ವೇ ನಮ್ಮೂರಿಗೆ ಒಕ್ಕಣೆಯ ಕಣ. ಹುರುಳಿ ಗಿಡಗಳನ್ನು ದಪ್ಪಗೆ ಹರಡಿ, ಯಾವುದಾದರೂ ಗಾಡಿ ತುಳಿದುಕೊಂಡು ಹೋಗಲೆಂದು ಕಾಯುತ್ತಿದ್ದೆ. ಬಂದದ್ದು ಸರ್ವೆ ಇಲಾಖೆಯ ಜೀಪು. ಓಡಿಸುತ್ತಿದ್ದ ಮಹಾಶಯರು ಇಳಿದು ಕೈಮುಗಿದರು.

"ತಪ್ಪಾಯ್ತು, ಬೆಳೆ ಮೇಲೆ ಹತ್ತಿಸಿಬಿಡ್ತಿದ್ದೆ. ಸುತ್ತಾಕ್ಕೊಂಡು ಹೋಗ್ತೀನಿ."

"ಅಯ್ಯೋ ಸಾರ್, ಹತ್ತಿಸ್ಲಿ ಅಂತಾನೇ ಹಾಕಿರೋದು! ಕಾಳು ಉದುರೋದು ಬೇಡ್ವಾ?"

ಅವರ ಕಿವಿ ಕೆಂಪಾಯಿತು. ಆಮೇಲೆ ಹುರುಳಿಯ ಮೇಲೆ ಹತ್ತು ಸುತ್ತು ಹೊಡೆದರು. ಪ್ರತಿ ಸುತ್ತಿಗೂ ಓರೆಗಣ್ಣಲ್ಲಿ ನನ್ನನ್ನು ನೋಡಿದರು. ನಾನು ಸುತ್ತು ಎಣಿಸುವವಳಂತೆ ಅವರನ್ನೇ ನೋಡಿದೆ.

ಹೆಸರು ಸೀತಾರಾಮ, ಮುಳಬಾಗಿಲಿನ ಶಾನುಭೋಗರ ಮನೆಯವರು. ರನ್‌ವೇ ಬಿಟ್ಟು ಉಳಿದ ಜಾಗವನ್ನು ಮೂಲ ರೈತರಿಗೆ ವಾಪಸು ಕೊಡುವುದೆಂದು ತೀರ್ಮಾನವಾಗಿತ್ತು. ಯಾರ ಹೊಲ ಎಲ್ಲಿತ್ತೆಂದು ಹಳೆಯ ನಕ್ಷೆ ಹಿಡಿದು ಅಳೆಯಲು ಬಂದಿದ್ದರು.

ಆ ಅಳತೆಯ ಮೇಲೆ ನನ್ನ ಬಾಳೇ ನಿಂತಿತ್ತು. ಹೊಲ ಕಳೆದುಕೊಂಡ ನಮ್ಮ ತಾತ ಚನ್ನರಾಯಪ್ಪನಿಗೆ ಉಳಲು ಜಮೀನು ಕೊಟ್ಟವರು ನಮ್ಮಮ್ಮನ ತವರಿನವರು. ಆ ಋಣಕ್ಕೆ, ನಾನು ಹುಟ್ಟಿದ ದಿನವೇ, ಸೋದರಮಾವ ಶ್ರೀರಾಮಪ್ಪನಿಗೆ ನನ್ನನ್ನು ಕೊಡುವುದಾಗಿ ತಾತ ಮಾತು ಕೊಟ್ಟಿದ್ದ. ನನಗೆ ಇಪ್ಪತ್ತು, ಮಾವನಿಗೆ ಮೂವತ್ತೆಂಟು. ಮಾವ ಕೆಟ್ಟವನೂ ಅಲ್ಲ, ಬೈದು ಹಗುರಾಗೋಣವೆಂದರೆ. ಗೂಟಕ್ಕೆ ಕಟ್ಟಿದ ಕರುವಿನಂತಾಗಿದ್ದೆ. 

"ನಮ್ಮ ಹೊಲ ವಾಪಸ್ ಬಂದ್ರೆ ಅವರದ್ದು ಅವರಿಗೆ ಬಿಟ್ಕೊಟ್ಟು, ಮಾತೂ ವಾಪಸ್ ತಗೋತೀನಿ ಕಣಮ್ಮ," ಎಂದಿದ್ದ ತಾತ.

ಹದಿನೈದು ದಿನ ಅಳತೆ ನಡೆಯಿತು. ಹದಿನೈದು ದಿನವೂ ನಾನು ಮಜ್ಜಿಗೆಯ ನೆಪದಲ್ಲಿ ಹೋದೆ. ಮಾವನಿಗೆ ಕೊಟ್ಟ ಮಾತಿನ ಕತೆಯನ್ನೂ ಅವರಿಗೆ ಹೇಳಿಕೊಂಡೆ.

"ಕದಿರಮ್ಮನವರೇ, ಇವತ್ತು ಉಪ್ಪು ಜಾಸ್ತಿ."

"ಹಾಗಾದ್ರೆ ನಾಳೆಯಿಂದ ತರಲ್ಲ ಬಿಡಿ."

"ಅಯ್ಯೋ, ಜಾಸ್ತಿನೇ ಇರ್ಲಿ."

ಚೊಂಬಿನ ಅಂಚಿನ ಮೇಲಿಂದ ಅವರ ಕಣ್ಣು ನಗುತ್ತಿತ್ತು. ಮನೆಗೆ ಬಂದರೂ ಆ ನಗು ನನ್ನನ್ನು ಬಿಡುತ್ತಿರಲಿಲ್ಲ.

ಹದಿನಾರನೇ ದಿನ ಅವರು ಮಜ್ಜಿಗೆ ಮುಟ್ಟಲಿಲ್ಲ.

"ನಿಮ್ಮ ಹೊಲ ಪೂರ್ತಿ ರನ್‌ವೇ ಕೆಳಗಿದೆ. ಬರಲ್ಲ." ನಕ್ಷೆ ಮಡಿಸುತ್ತಾ, "ಗುರುತಿನ ಕಲ್ಲು ಒಂಚೂರು ಆಚೆ ಹಾಕಿದ್ರೆ ಬರುತ್ತೆ. ನಿಮಗೋಸ್ಕರ ಹಾಕ್ತೀನಿ," ಎಂದರು.

"ಆಚೆಗಿರೋದು ಯಾರ ಹೊಲ?"

"ಬೈರಮ್ಮ ಅನ್ನೋರ್ದು."

ಗಂಡನಿಲ್ಲದ ಹೆಂಗಸು ಬೈರಮ್ಮ. ಆಸೆಯಾಗಲಿಲ್ಲವೆಂದರೆ ಸುಳ್ಳಾದೀತು. ಹಾಕಿ ಎನ್ನಲು ಬಾಯಿ ತೆರೆದೆ, ಆಗಲಿಲ್ಲ. "ಇದ್ದಿದ್ದನ್ನೇ ಬರೀರಿ," ಎಂದು ಅಳುತ್ತಾ ಮನೆಗೆ ಬಂದೆ.

ತಾತ ಜಗಲಿಯ ಮೇಲೆ ಕೂತಿದ್ದ. ಹೊಲ ಬರುವುದಿಲ್ಲವೆಂದು ಹೇಳಿದೆ. ಆಮೇಲೆ ಕೇಳಿದೆ:

"ತಾತ, ಯುದ್ಧದವರು ಹೊಲ ತಗೊಳ್ಳೋವಾಗ ನಿನ್ನನ್ನ ಕೇಳಿದ್ರಾ?"

"ಅಡಗಲೇದಮ್ಮಾ, ಕೇಳ್ಲೇ ಇಲ್ಲ. ಬಂದ್ರು, ತಗೊಂಡ್ರು." ಮೂವತ್ತಾರು ವರ್ಷದ ಸಿಟ್ಟು ಅವನ ದನಿಯಲ್ಲಿ ಇನ್ನೂ ಆರಿರಲಿಲ್ಲ.

"ನನ್ನ ಕೊಡೋವಾಗ ನೀನು ನನ್ನನ್ನ ಕೇಳಿದ್ಯಾ?"

ತಾತ ಜಗಲಿಯಿಂದ ಎದ್ದ. ಟವಲು ಹೆಗಲಿಗೆ ಹಾಕಿಕೊಂಡು ಮಾವನ ಮನೆಗೆ ಹೊರಟ. ಸಂಜೆ ಬಂದು, "ಮಾತು ವಾಪಸ್ ತಗೊಂಡೆ. ಯುಗಾದಿಗೆ ಅವರ ಹೊಲ ಬಿಡ್ಬೇಕು. ಕೂಲಿ ಮಾಡಿ ತಿನ್ನೋಣ ಬಿಡು," ಎಂದ.

ಮರುದಿನ ಬೆಳಿಗ್ಗೆ ಸೀತಾರಾಮರು ಜೀಪಿಗೆ ಸಾಮಾನು ತುಂಬುತ್ತಿದ್ದರು. ಓಡಿಹೋಗಿ ಎದುರು ನಿಂತೆ.

"ನಂಗೀಗ ಹೊಲಾನೂ ಇಲ್ಲ, ಮಾವನ ಹಂಗೂ ಇಲ್ಲ. ನೀವಂದ್ರೆ ನಂಗಿಷ್ಟ."

ಅವರ ಕೈಯಲ್ಲಿದ್ದ ಪೆಟ್ಟಿಗೆ ಕೆಳಗೆ ಬಿತ್ತು.

"ನಂಗೂ ಅಷ್ಟೇ, ಮೊದಲ್ನೇ ದಿನದಿಂದ," ಎಂದರು. ಮರುಕ್ಷಣವೇ ಮುಖ ಸಣ್ಣದಾಯಿತು. "ಮನೇಲಿ ಹೇಳಿದ್ರೆ, ಬೇರೆ ಜಾತಿ ಅಂತ ನಮ್ಮಮ್ಮ ಮೂರು ದಿನ ಊಟ ಬಿಡ್ತಾರೆ."

"ಬಿಡ್ಲಿ. ನಾಲ್ಕನೇ ದಿನ ಹಸಿವಾಗುತ್ತಲ್ಲ, ನಾನೇ ಬಡಿಸ್ತೀನಿ."