ಎಡಗಡೆಯ ಚಕ್ರ

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಇದು ಹಾಡಹಗಲೇ ನಡೆದದ್ದು. ಅಪ್ಪ ತೀರಿಕೊಂಡ ಮೇಲೆ ಅವನ ಹಳೆಯ ಟ್ರ್ಯಾಕ್ಟರಿನ ಹಿಂದಿನ ಎರಡೂ ಚಕ್ರಗಳ ಬಳಿ ಎಣ್ಣೆ ಸೋರಿ, ಬ್ರೇಕೇ ಹಿಡಿಯುತ್ತಿರಲಿಲ್ಲ. ಸೋರಿಕೆ ತಡೆಯುವ ಆಯಿಲ್ ಸೀಲ್ ಅಂಗಡಿಯಲ್ಲಿ ಸಿಕ್ಕಿದ್ದು ಒಂದೇ. ಅದನ್ನು ಬಲಗಡೆಗೆ ಕೂರಿಸಿ, ನನ್ನ ಹಳೇ ಚಾಳಿಯಂತೆ ಬೋಲ್ಟನ್ನು ಜೀವ ಹೋಗುವಂತೆ ಬಿಗಿಯುತ್ತಿದ್ದೆ.

ಎಡಗಡೆಯ ಚಕ್ರದಿಂದ ಟಣ್ ಟಣ್ ಸದ್ದು ಬಂತು. ‘ಸಾಕು, ಇನ್ನು ಬಿಗಿದರೆ ಹಾಳಾಗುತ್ತೆ’ ಎನ್ನುವುದಕ್ಕೆ ಅಪ್ಪ ಸ್ಪ್ಯಾನರಿನಿಂದ ಹಾಗೇ ತಟ್ಟುತ್ತಿದ್ದ. ಬಿಸಿಲಿಗೆ ಕಾದಿದ್ದ ಕಬ್ಬಿಣ ಅಂಗೈಗೆ ತಣ್ಣಗೆ ತಾಗಿತು.

“ಅಮ್ಮಾ, ನೀನಾ ತಟ್ಟಿದ್ದು?”

“ನಾನ್ಯಾಕೆ ತಟ್ಟಲಿ? ಬಟ್ಟೆ ಒಣಗಿಸ್ತಿದೀನಿ,” ಎಂದಳು ಅಂಗಳದಾಚೆಯಿಂದ. ಆಮೇಲೆ ಮೆಲ್ಲಗೆ, “ತಟ್ಟಿದ್ರಾ? ಹಾಗಾದ್ರೆ ಸಾಕು, ನಿಲ್ಲಿಸು.”

ಈಗ ಉಳುಮೆ ಮುಗಿದಿದೆ. ಬಲಗಡೆ ಒಂದು ಹನಿಯೂ ಸೋರಿಲ್ಲ. ಹೊಸ ಸೀಲಿನ ಪುಣ್ಯ ಎನ್ನೋಣ. ಎಡಗಡೆಯೂ ಸೋರಿಲ್ಲ. ಅದನ್ನು ನಾನು ಬಿಚ್ಚಿಯೇ ಇಲ್ಲ.