ಉಪ್ಪು ನೀರಿನ ಮೇಲೆ ನೇರಳೆ ಮಿಂಚು

"ಕೈ ತೆಗೀರಿ! ಸಾಯಬೇಕಂತ ಮಾಡೀರೇನು?"

ಸಂಶೋಧನೆಗೆಂದು ಮಣಿಪಾಲದ ಲ್ಯಾಬಿಗೆ ಕಾಲಿಟ್ಟ ಮೊದಲ ದಿನವೇ ಚೈತಾಲಿಯ ಮಣಿಕಟ್ಟು ಒಬ್ಬ ಅಪರಿಚಿತನ ಮುಷ್ಟಿಯಲ್ಲಿತ್ತು! ಅವಳ ಬೆರಳಿಂದ ಗೇಣು ದೂರದಲ್ಲಿ ಸಾವಿರಾರು ವೋಲ್ಟಿನ ಸೂಜಿ. ಅದರ ತುದಿಯಿಂದ ಬಟ್ಟಲಿನ ನೀರಿಗೆ ನೇರಳೆ ಮಿಂಚಿನ ಎಳೆಯೊಂದು ಜುಂಯ್ ಎಂದು ಇಳಿಯುತ್ತಿತ್ತು.

"ಎಂತ ಮಾರಾಯ್ರೆ, ಹೀಗೆ ಎಳೆಯುವುದಾ?"

"ಎಳೀದಿದ್ರ ನಾಳೆ ನಿಮ್ಮ ಫೋಟೋಕ್ಕ ಹಾರ ಹಾಕಬೇಕಾಗ್ತಿತ್ತು."

ಅವನು ಹನುಮೇಶ, ಲ್ಯಾಬಿನ ಟೆಕ್ನಿಷಿಯನ್. ಗಾರೆ ಕೆಲಸಕ್ಕೆಂದು ಬಾಗಲಕೋಟೆಯಿಂದ ಬಂದು ಕಾರ್ಕಳದಲ್ಲಿ ನೆಲೆಸಿದ ಶರಣಮ್ಮನ ಮಗ. ಆ ದಿನದಿಂದ ಚೈತಾಲಿಯ ಮಣಿಕಟ್ಟಿಗೆ ಅದೇನೋ ಬಿಸಿ ಅಂಟಿಕೊಂಡಿತು. ಓದಲು ಕೂತರೂ ಇಲ್ಲ, ಮಲಗಿದರೂ ಇಲ್ಲ... ನೆಮ್ಮದಿಯೇ ಇಲ್ಲ!

ಅವಳು ಕಡಲ ಬದಿಯ ಮಟ್ಟು ಊರಿನಲ್ಲಿ ಗುಳ್ಳ ಬದನೆ ಬೆಳೆಯುವ ಭೋಜಣ್ಣನ ಮಗಳು. ಆ ವರ್ಷ ಸೊರಗು ರೋಗಕ್ಕೆ ಗಿಡಗಳೆಲ್ಲ ಸತ್ತು, ಉಳಿದ ಒಂದೇ ಗಿಡದಿಂದ ಅಪ್ಪ ಒಂದು ಹಿಡಿ ಬೀಜ ತೆಗೆದಿಟ್ಟಿದ್ದರು. ಅಜ್ಜನ ಕಾಲದ ತಳಿ ಉಳಿದದ್ದು ಅಷ್ಟೇ. ಮಿಂಚು ತಾಗಿದ ನೀರಿನಲ್ಲಿ ಹೊಸ ಹೊಸ ರಾಸಾಯನಿಕಗಳು ಹುಟ್ಟುತ್ತವೆ. ಅವು ಬೀಜದ ರೋಗಾಣು ಕೊಂದು ಮೊಳಕೆಯನ್ನೂ ಬೇಗ ತರಿಸುತ್ತವೆ ಎಂದು ಅಪ್ಪನನ್ನು ಒಪ್ಪಿಸಿದಳು. ಏಪ್ರಿಲಿನಲ್ಲಿ ಮನೆಯ ಬಾವಿಯ ನೀರನ್ನೇ ಕ್ಯಾನಿನಲ್ಲಿ ಹೊತ್ತು ತಂದು, ಬೀಜದ ಜೊತೆ ಹನುಮೇಶನ ಕೈಗಿತ್ತಳು.

"ಹತ್ತೇ ನಿಮಿಷ. ಇದು ನನ್ನ ಅಪ್ಪನ ಜೀವ."

ವಾರ ಕಳೆದರೂ ಒಂದೂ ಮೊಳೆಯಲಿಲ್ಲ. ಬೀಜಗಳು ಬಿಳುಚಿ ಕೊಳೆತಿದ್ದವು.

"ಎಷ್ಟು ಹೊತ್ತು ಇಟ್ಟಿರಿ? ನಿಜ ಹೇಳಿ!"

"ಹತ್ತ ನಿಮಿಷನ ಇಟ್ಟೀನಿ. ಚೈತಾಲಿ, ಒಂದ ಮಾತು ಕೇಳ್ರಿ..."

"ಬೇಡ! ಊರು ಬಿಟ್ಟು ಬಂದವರಿಗೆ ಬೀಜದ ಬೆಲೆ ಎಂತ ಗೊತ್ತು?"

ಹನುಮೇಶನ ಮುಖ ಕಪ್ಪಿಟ್ಟಿತು. ಮರುದಿನ ಅವನು ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ರಜೆ ಹಾಕಿದ್ದಾನೆ, ಕೆಲಸ ಬಿಡುತ್ತಾನಂತೆ ಎಂದು ಲ್ಯಾಬಿನ ಅಕ್ಷಿತಾ ಹೇಳಿದಳು.

ತಡೆಯಲಾರದೆ ಚೈತಾಲಿ ಕ್ಯಾನಿನಲ್ಲಿ ಉಳಿದ ನೀರನ್ನು ತಾನೇ ಯಂತ್ರಕ್ಕಿಟ್ಟಳು. ಗಡಿಯಾರ ನೋಡಿ ಸರಿಯಾಗಿ ಹತ್ತು ನಿಮಿಷ. ಬಟ್ಟಲು ತೆಗೆದರೆ ಮೂಗಿಗೆ ಬಡಿದದ್ದು ಬ್ಲೀಚಿಂಗ್ ಪೌಡರಿನ ವಾಸನೆ!

ಕೂಡಲೇ ಮನೆಗೆ ಫೋನು ಮಾಡಿದಳು. "ಅಮ್ಮಾ, ಬಾವಿ ನೀರು ಉಪ್ಪು ಉಂಟಾ?"

"ಎಂತ ಕೇಳ್ತಿ? ಬೇಸಿಗೆಯಲ್ಲಿ ಸಮುದ್ರದ ಉಪ್ಪು ಹೊಳೆ ಹತ್ತಿ ಬಾವಿಗೆ ಬರುವುದು ನಿನಗೆ ಗೊತ್ತಿಲ್ವಾ? ನಾವು ಕುಡಿಯುವುದು ನಳ್ಳಿ ನೀರಲ್ವಾ!"

ಆತುರಗಾರನಿಗೆ ಬುದ್ಧಿ ಮಟ್ಟ. ಉಪ್ಪು ನೀರಿಗೆ ಮಿಂಚು ತಾಗಿದರೆ ಬ್ಲೀಚಿನಂಥದ್ದೇ ಹುಟ್ಟುತ್ತದೆ ಎಂದು ಪುಸ್ತಕದಲ್ಲಿ ಓದಿದವಳು ಅವಳೇ. ಬೀಜ ಸುಟ್ಟವಳೂ ಅವಳೇ! ಮನಸ್ಸು ಸುಟ್ಟವಳೂ...

ಅಕ್ಷಿತಾಳಿಂದ ಹನುಮೇಶನ ಮನೆಯ ವಿಳಾಸ ಪಡೆದು ಹತ್ತಿದ ಕಾರ್ಕಳದ ಬಸ್ಸಿನಲ್ಲಿ ಸೀಟು ಸಿಕ್ಕರೂ ಕೂರಲಾಗಲಿಲ್ಲ. 'ಬಾಗಿಲು ತೆಗೆಯದಿದ್ದರೆ? ಮುಖ ತಿರುಗಿಸಿದರೆ?' ಬಸ್ಸು ನಿಂತಲ್ಲೆಲ್ಲ ಜೀವ ಹೋಗಿ ಬರುತ್ತಿತ್ತು.

ಬಾಗಿಲು ತೆಗೆದದ್ದು ಶರಣಮ್ಮ. "ಬಾ ತಂಗಿ, ಒಳಗ ಬಾ. ನಿನ್ನ ಸಸಿ ನೋಡಾಕ ಬಂದ್ಯಾ?"

ಸಸಿ? ಕಿಟಕಿಯ ಕಟ್ಟೆಯ ಮೇಲೆ ಏಳು ಮೊಸರಿನ ಕಪ್ಪುಗಳು. ಏಳರಲ್ಲೂ ಹಸಿರು ಎರಡೆಲೆ!

ಹಿಂದೆ ಹನುಮೇಶ ನಿಂತಿದ್ದ. "ಇದ್ದ ಬೀಜ ಎಲ್ಲಾ ಒಮ್ಮೆಲೇ ಹಾಕಬಾರದು ಅಂತಾಳ ಅವ್ವ. ಹೊಲ ಬಿಟ್ಟು ಬಂದ್ರೂ ಆ ರೂಢಿ ಬಿಟ್ಟಿಲ್ಲ. ಏಳು ಬೀಜ ತೆಗೆದಿಟ್ಟು, ಲ್ಯಾಬಿನ ಶುದ್ಧ ನೀರಿಗೆ ಮಿಂಚು ಕೊಟ್ಟು ನೆನೆಹಾಕಿದ್ದೆ. ಅವತ್ತ ಅದನ್ನ ಹೇಳಾಕ ಬಂದಿದ್ದೆ..."

ಚೈತಾಲಿಗೆ ಅಳು ಒತ್ತರಿಸಿ ಬಂತು. "ತಪ್ಪು ನನ್ನ ನೀರಿನದ್ದು ಹನುಮೇಶ್. ತಪ್ಪು ನನ್ನ ಬಾಯಿಯದ್ದು. ನೀವಿಲ್ಲದೆ ಒಂದು ದಿನವೂ ನನಗೆ ಸರಿ ಇರಲಿಲ್ಲ... ನನಗೆ ನೀವು ಬೇಕು!"

ಶರಣಮ್ಮ ಏನೂ ಕೇಳಿಸದವಳಂತೆ ಚಹಾ ಇಡಲು ಒಳಗೆ ಹೋದಳು.

"ಇವನ್ನು ಮಟ್ಟುವಿಗೆ ತರ್ತೀರಾ?" ಅವಳು ಕಣ್ಣೊರೆಸಿಕೊಂಡು ಕೇಳಿದಳು.

"ಸಸಿ ಉಳಿಸಿದವ ಯಾರು ಅಂತ ನಿಮ್ಮ ಅಪ್ಪ ಕೇಳಿದ್ರ?"

"ನನ್ನವರು ಅಂತೇನೆ."

ಅವನು ಮತ್ತೆ ಅದೇ ಮಣಿಕಟ್ಟು ಹಿಡಿದ, ಈ ಸಲ ಮೆಲ್ಲಗೆ.

"ಬರ್ತೀನಿ. ಆದ್ರ ನೀರು ಮಾತ್ರ ನಾನ ತರ್ತೀನಿ!"